ಎಲುಬಿನೊಳಗಣ ಲಂಗರು

ನಾವು ತೋಳನ್ನೆತ್ತುವುದು ಸ್ನಾಯುಗಳ ಬಲದಿಂದ. ಸ್ನಾಯುವನ್ನು ಎಲುಬಿಗೆ ಬಿಗಿದಿರುವ ಗಟ್ಟಿಯಾದ ಹುರಿಗೆ ಕಂಡರವೆಂದು ಹೆಸರು. ಭುಜದ ಕೀಲನ್ನು ಸುತ್ತುವರಿದ ನಾಲ್ಕು ಸ್ನಾಯುಗಳ ಕಂಡರಗಳಲ್ಲಿ ಒಂದು ಕಿತ್ತುಬಂದರೂ ತೋಳೆತ್ತುವುದು ದುಸ್ತರವಾಗಬಹುದು.

ಹಿಂದೆ ಶಸ್ತ್ರವೈದ್ಯರು ಎಲುಬಿನಲ್ಲಿ ಸುರಂಗ ಕೊರೆದು, ದಾರ ತೂರಿಸಿ, ಕಂಡರವನ್ನು ಕಟ್ಟುತ್ತಿದ್ದರು. 1980ರ ದಶಕದಲ್ಲಿ ದಾರ ಪೋಣಿಸಿದ ಕಿರಿಯ ಲಂಗರು ಬಳಕೆಗೆ ಬಂದಿತು. ಟೈಟೇನಿಯಮ್ ಲೋಹದಿಂದಲೋ, ದೇಹದಲ್ಲಿ ಕ್ರಮೇಣ ಕರಗುವ ವಸ್ತುವಿನಿಂದಲೋ ಮಾಡಿದ ಇದನ್ನು ಎಲುಬಿನೊಳಗೆ ನೆಲೆಗೊಳಿಸಿ, ಅದರ ದಾರದಿಂದ ಕಂಡರವನ್ನು ಎಲುಬಿಗೆ ಒತ್ತಿ ಹೊಲಿಯುವರು.

ಲಂಗರು ಹಿಡಿದಿಡುವುದೇ ಹೊರತು ಬೆಸೆಯಲಾರದು. ಬೆಸೆಯುವುದು ದೇಹದ ಕೆಲಸ. ಅದಕ್ಕೆ ತಿಂಗಳುಗಳೇ ಬೇಕು. ನೋವು ಅಡಗಿತೆಂದು ವೈದ್ಯರ ಅಪ್ಪಣೆಯಿಲ್ಲದೆ ಭಾರವೆತ್ತಿದರೆ ಹೊಲಿದ ಕಂಡರ ಮತ್ತೆ ಹರಿದೀತು. ತಾಳ್ಮೆಯೂ ಚಿಕಿತ್ಸೆಯ ಅಂಗವೆಂಬುದನ್ನು ನಾವು ಮರೆಯಲಾಗದು.