ಮಗಳ ಅಂಗಿಗೆ ಅರಿವೆ



ಐದು ವರ್ಷದ ಮಗಳಿಗೆ ತಾವೇ ಹೊಲಿದ ಫ್ರಾಕು ಒಂದೇ ಒಗೆತಕ್ಕೆ ಗಿಡ್ಡವಾಯಿತೆಂದು ವ್ಯಥೆಪಟ್ಟು ಬರೆದಿರುವಿರಿ. ದೋಷವು ತಮ್ಮ ಹೊಲಿಗೆಯದಲ್ಲ, ನೆನೆಸದೆ ಕತ್ತರಿಸಿದ ಅರಿವೆಯದು. ಮಗ್ಗದಲ್ಲಿ ಬಿಗಿಯಾಗಿ ಎಳೆಯಲ್ಪಟ್ಟ ಹತ್ತಿನೂಲು ನೀರು ಸೋಂಕಿದೊಡನೆ ಸಹಜಸ್ಥಿತಿಗೆ ಮರಳುವುದಾದಕಾರಣ, ಅರಿವೆಯನ್ನು ಒಂದು ರಾತ್ರಿ ನೆನೆಯಿಟ್ಟು, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ತರುವಾಯವೇ ಕತ್ತರಿಯನ್ನು ಕೈಗೆತ್ತಿಕೊಳ್ಳಿರಿ. ಕೆಳಅಂಚಿನಲ್ಲಿ 3 ಅಂಗುಲ, ಪಾರ್ಶ್ವಗಳಲ್ಲಿ 1 ಅಂಗುಲ ಒಳಮಡಿಸಿ ಉಳಿಸಿದರೆ ಮರುವರ್ಷವೂ ಒದಗುವುದು. ಕಂಕುಳು ಸಡಿಲವಿರಲಿ.

ಇನ್ನು ಅರಿವೆಯ ಆಯ್ಕೆಯ ಮಾತು. ಮಂಗಳೂರಿನ ಸೆಕೆಯಲ್ಲಿ ಪಾಲಿಯೆಸ್ಟರ್ ಒಳಪದರವು, ಎಷ್ಟೇ ಮನೋಹರವಾಗಿದ್ದರೂ, ಬೆವರನ್ನು ಹೀರದೆ ಎಳೆಯ ಚರ್ಮವನ್ನು ಪೀಡಿಸುವುದು; ಹತ್ತಿಯೇ ಲೇಸು. 1851ರಲ್ಲಿ ಹಾಲರ್ ಎಂಬ ನೇಕಾರರು ಬಾಸೆಲ್ ಮಿಷನ್ನಿನ ನೇಯ್ಗೆಗೆ ಯೂರೋಪಿನ ಮಗ್ಗಗಳನ್ನು ತಂದ ಈ ಸೀಮೆಯಲ್ಲಿ ಕೈಮಗ್ಗದ ಉಡುಪಿ ಸೀರೆ ಇಂದಿಗೂ ದೊರೆಯುತ್ತದೆ. ತಾವು ಉಟ್ಟು ಮೃದುವಾದ ಅಂಥದೊಂದು ಸೀರೆ, ಈಗಾಗಲೇ ಕುಗ್ಗಿ ಮುಗಿದಿರುವುದರಿಂದ, ಮುಂದಿನ ಅಂಗಿಗೆ ಸರ್ವೋತ್ತಮ.