ತಂತಿಯಿಂದ ತಟ್ಟೆಗೆ

ವಾದ್ಯದ ನಾದ ಎಷ್ಟೇ ಇಂಪಾಗಿದ್ದರೂ ಕಿವಿಗೆ ಬೀಳದಿದ್ದರೆ ಫಲವಿಲ್ಲ. ಅಮೆರಿಕದ ಜಾಜ್ ಮೇಳಗಳಲ್ಲಿ ಗಿಟಾರಿಗೆ ಬಹುಕಾಲ ಒದಗಿದ್ದ ಕಷ್ಟವೇ ಇದು. ಜಾಜ್ ವಾದಕನು ಗೊತ್ತಾದ ಒಂದು ಧಾಟಿಯನ್ನು ಹಿಡಿದು, ಆ ಕ್ಷಣದ ಕಲ್ಪನೆಗೆ ತಕ್ಕಂತೆ ಅದನ್ನು ಬೆಳೆಸುತ್ತಾನೆ. ನಾವು ಮನೋಧರ್ಮವೆಂದು ಕರೆಯುವುದಕ್ಕೆ ಇದು ಸಮೀಪವಾದುದು. ಆದರೆ ಟ್ರಂಪೆಟ್, ಸ್ಯಾಕ್ಸೊಫೋನುಗಳು ಮೊಳಗುವಾಗ ಗಿಟಾರಿನ ಒಂಟಿ ಸ್ವರ ಅಡಗಿಹೋಗುತ್ತಿತ್ತು. ಆದುದರಿಂದ ಗಿಟಾರ್ ವಾದಕನು ಹಲವು ತಂತಿಗಳನ್ನು ಒಟ್ಟಿಗೆ ಮೀಟಿ, ಲಯಕ್ಕೆ ಒತ್ತಾಸೆಯಾಗುವುದರಲ್ಲೇ ಹೆಚ್ಚಾಗಿ ತೃಪ್ತನಾಗಬೇಕಾಗಿತ್ತು. ಈ ತೊಡಕನ್ನು ವಿದ್ಯುತ್ತು ಹೇಗೆ ಬಿಡಿಸಿತೆಂಬುದನ್ನು ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ ವಾದಕನ ಒಂದು ಧ್ವನಿಮುದ್ರಣದ ಮೂಲಕ ಪರಿಶೀಲಿಸೋಣ.

1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ತ್ವ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಸುರುಳಿಯೊಂದರ ಮೂಲಕ ಹಾಯುವ ಕಾಂತೀಯ ಬಲರೇಖೆಗಳ ಸಂಖ್ಯೆ ಬದಲಾದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಪ್ರಯೋಗಶಾಲೆಯಲ್ಲಿ ಅಯಸ್ಕಾಂತವನ್ನು ಸುರುಳಿಯೊಳಗೆ ತೂರಿಸಿ ತೆಗೆದಾಗ ಗ್ಯಾಲ್ವನಾಮೀಟರಿನ ಮುಳ್ಳು ಅತ್ತಿತ್ತ ಓಲಾಡುವುದು ಇದರಿಂದಲೇ.

1936ರಲ್ಲಿ ಗಿಬ್ಸನ್ ಸಂಸ್ಥೆ ಹೊರತಂದ ಇ.ಎಸ್.-150 ಗಿಟಾರಿನಲ್ಲಿ ಕೆಲಸ ಮಾಡುವುದೂ ಇದೇ ತತ್ತ್ವ. ಅದರ ಉಕ್ಕಿನ ತಂತಿಗಳ ಕೆಳಗೆ ಲೋಹದ ಒಂದು ಅಲಗಿದೆ. ಅಲಗಿನ ಸುತ್ತ ತಾಮ್ರದ ಎಳೆಯ ಸುರುಳಿಯಿದೆ. ಗಿಟಾರಿನ ಒಡಲೊಳಗೆ ಎರಡು ಅಯಸ್ಕಾಂತಗಳಿವೆ. ಇವುಗಳ ಸಾಮೀಪ್ಯದಿಂದ ಉಕ್ಕಿನ ತಂತಿಯೂ ಕಾಂತತ್ವವನ್ನು ಪಡೆಯುತ್ತದೆ. ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಬಲರೇಖೆಗಳೂ ಹೆಚ್ಚು ಕಡಿಮೆಯಾಗುತ್ತವೆ. ತಂತಿ ಸೆಕೆಂಡಿಗೆ 110 ಬಾರಿ ಕಂಪಿಸಿದರೆ, ಹುಟ್ಟುವ ವಿದ್ಯುತ್ತೂ ಸೆಕೆಂಡಿಗೆ 110 ಬಾರಿ ಏರಿಳಿಯುತ್ತದೆ. ಈ ದುರ್ಬಲ ವಿದ್ಯುತ್ತನ್ನು ವರ್ಧಕಯಂತ್ರವು ಬಲಪಡಿಸಿ ಲೌಡ್‌ಸ್ಪೀಕರಿಗೆ ಒಪ್ಪಿಸುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಸುರುಳಿಯು ಗ್ರಹಿಸುವುದು ಗಾಳಿಯಲ್ಲಿ ಬಂದ ಸದ್ದನ್ನಲ್ಲ, ತಂತಿಯ ಚಲನೆಯನ್ನು. ಕರುಳಿನ ತಂತಿಯನ್ನು ಬಿಗಿದರೆ ಈ ಗಿಟಾರಿನ ಸುರುಳಿ ಮೌನವಾಗಿರುತ್ತದೆ.

ಕ್ರಿಶ್ಚಿಯನ್ 1916ರಲ್ಲಿ ಟೆಕ್ಸಾಸಿನಲ್ಲಿ ಜನಿಸಿ ಒಕ್ಲಹೋಮಾ ನಗರದಲ್ಲಿ ಬೆಳೆದವನು. 1939ರಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ನನ ಮೇಳವನ್ನು ಸೇರಿ, ಸ್ಯಾಕ್ಸೊಫೋನಿನಂತೆ ಒಂಟಿ ಸ್ವರಗಳ ನೀಳವಾದ ಸಾಲುಗಳನ್ನು ಗಿಟಾರಿನಲ್ಲಿ ನುಡಿಸಿ ಪ್ರಸಿದ್ಧನಾದನು. ಆದರೆ ಆ ಕಾಲದ ಸಾಮಾನ್ಯ ಗ್ರಾಮಫೋನ್ ತಟ್ಟೆಯ ಒಂದು ಮುಖಕ್ಕೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಸಂಗೀತ. ಅದರಲ್ಲಿ ಇತರ ವಾದಕರಿಗೂ ಪಾಲು ಸಲ್ಲಬೇಕು. ಮನೋಧರ್ಮಕ್ಕೆ ಉಳಿಯುತ್ತಿದ್ದ ಅವಕಾಶ ಅತ್ಯಲ್ಪ.

ಆ ಅವಕಾಶ ದೊರೆತುದು ನ್ಯೂಯಾರ್ಕಿನ ಹಾರ್ಲೆಂ ಬಡಾವಣೆಯ ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್ಬಿನಲ್ಲಿ. ವಾದಕರು ಇರುಳಿನಲ್ಲಿ ಅಲ್ಲಿ ಕೂಡಿ ಮನಬಂದಂತೆ ನುಡಿಸುತ್ತಿದ್ದರು. 1941ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಜೆರಿ ನ್ಯೂಮನ್, ಹೊತ್ತೊಯ್ಯಬಹುದಾದ ಧ್ವನಿಮುದ್ರಣ ಯಂತ್ರವೊಂದನ್ನು ಅಲ್ಲಿಗೆ ತಂದನು. ಮೈಕ್ರೊಫೋನು ಇಡೀ ಮೇಳದ ಧ್ವನಿಯನ್ನು ವಿದ್ಯುತ್ತಾಗಿ ಮಾರ್ಪಡಿಸಿತು. ಆ ವಿದ್ಯುತ್ತು ಸೂಜಿಯನ್ನು ಕಂಪಿಸಿತು. ಸೂಜಿಯು ತಿರುಗುವ ತಟ್ಟೆಯ ಮೆದುವಾದ ಲೇಪದಲ್ಲಿ ಗೆರೆಯನ್ನು ಕೊರೆಯಿತು. ಗಿಟಾರಿನಲ್ಲಿ ಚಲನೆಯು ವಿದ್ಯುತ್ತಾದರೆ, ಇಲ್ಲಿ ವಿದ್ಯುತ್ತು ಮರಳಿ ಚಲನೆಯಾಯಿತು.

ಆ ಮುದ್ರಣಗಳಲ್ಲಿ ‘ಸ್ವಿಂಗ್ ಟು ಬಾಪ್’ ಎಂಬ ಹೆಸರಿನದು ಎಂಟು ನಿಮಿಷಗಳಿಗೂ ಮಿಕ್ಕಿದೆ. ಹೆಸರು ಅನಂತರ ಬಂದುದು; ಧಾಟಿ ಮೂಲತಃ ‘ಟಾಪ್ಸಿ’ ಎಂಬುದರದು. ಕ್ರಿಶ್ಚಿಯನ್ ಇಲ್ಲಿ ಆವರ್ತದಿಂದ ಆವರ್ತಕ್ಕೆ ಕಲ್ಪನೆಯನ್ನು ವಿಸ್ತರಿಸುತ್ತ ಹೋಗುತ್ತಾನೆ. ನಿರೀಕ್ಷಿಸದ ಎಡೆಗಳಲ್ಲಿ ಒತ್ತು ಕೊಡುತ್ತಾನೆ. ಕೆನಿ ಕ್ಲಾರ್ಕನ ಡ್ರಮ್ ಅದಕ್ಕೆ ಉತ್ತರ ಕೊಡುತ್ತದೆ. ಮುಂದೆ ‘ಬೀಬಾಪ್’ ಎಂದು ಹೆಸರಾದ ಹೊಸ ಶೈಲಿಯ ಮೊಳಕೆಯನ್ನು ನಾವು ಇಲ್ಲಿ ಕೇಳಬಹುದು.

ಕ್ಷಯರೋಗಕ್ಕೆ ತುತ್ತಾದ ಕ್ರಿಶ್ಚಿಯನ್ 1942ರ ಮಾರ್ಚ್ 2ರಂದು ತೀರಿಕೊಂಡನು. ಆಗ ಅವನ ವಯಸ್ಸು ಕೇವಲ 25. ಸುರುಳಿಯಿಲ್ಲದಿದ್ದರೆ ಅವನ ಸ್ವರ ಮೇಳದ ನಡುವೆ ಕೇಳುತ್ತಿರಲಿಲ್ಲ; ನ್ಯೂಮನ್ನನ ತಟ್ಟೆಗಳಿಲ್ಲದಿದ್ದರೆ ಆ ಇರುಳುಗಳ ಸಂಗೀತ ನಮಗೆ ಉಳಿಯುತ್ತಿರಲಿಲ್ಲ. ಪಠ್ಯಪುಸ್ತಕದಲ್ಲಿ ಫ್ಯಾರಡೆಯ ನಿಯಮವನ್ನು ಓದುವ ವಿದ್ಯಾರ್ಥಿಗಳು ಈ ಮುದ್ರಣವನ್ನು ಒಮ್ಮೆ ಕೇಳಿದರೆ, ಆ ನಿಯಮ ಮನುಷ್ಯನಿಗೆ ಎಂತಹ ಉಪಕಾರವನ್ನು ಮಾಡಿದೆಯೆಂಬುದು ಮನದಟ್ಟಾಗುವುದು.