ಬಿಲ್ಲೆಗೆ ಸವರುವ ಜಿಡ್ಡಿನ ಬಗ್ಗೆ ಒಂದು ಕಿವಿಮಾತು

ಕ್ರಿಸ್‌ಮಸ್ ಮುಗಿಯುತ್ತಿದ್ದಂತೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಚಕಮಕಿ ಕಲ್ಲಿನ ರೈಫಲ್ ಹಿಡಿಯುವವರಿಗೆಂದೇ ಜಿಂಕೆ ಬೇಟೆಗೆ ಬೇರೆ ಅವಧಿ ಬಿಡುತ್ತಾರೆ. ಅಲ್ಲಿ ನೆಲೆಸಿದ ನಮ್ಮವರಿಗೆ, ಅದರಲ್ಲೂ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದ ಕೊಡಗಿನ ಮಕ್ಕಳಿಗೆ, ಬಾಯಿಂದ ಮದ್ದು ತುಂಬುವ ಈ ಹಳೇ ರೈಫಲ್ ಮೇಲೆ ಆಸೆ ಹುಟ್ಟುವುದು ಸಹಜ. ಖುಷಿಯಾಗಿ ಕೊಳ್ಳಿ. ಆದರೆ ಅಷ್ಟು ದುಡ್ಡು ಸುರಿದು ರೈಫಲ್ ತಂದವರು, ಗುಂಡಿಗೆ ಸುತ್ತುವ ಬಟ್ಟೆಬಿಲ್ಲೆಗೆ ಗ್ಯಾರೇಜಿನಲ್ಲಿ ಕೈಗೆ ಸಿಕ್ಕಿದ ಗ್ರೀಸ್ ಬಳಿಯುತ್ತೀರಲ್ಲ, ಅದೇಕೆ? ಆಮೇಲೆ ಗುರಿ ತಪ್ಪಿದರೆ ಬೈಗುಳವೆಲ್ಲ ರೈಫಲ್‌ಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಊರಿನ ಕೇಪಿನ ಕೋವಿಯ ನಳಿಗೆ ಒಳಗೆ ನುಣುಪು. ರೈಫಲ್ ಹಾಗಲ್ಲ, ಒಳಗೆ ಸುರುಳಿ ಗೀರುಗಳಿವೆ. ಅರ್ಧ ಇಂಚಿನ ನಳಿಗೆಗೆ ಸಾಮಾನ್ಯವಾಗಿ 0.490 ಇಂಚಿನ ಸೀಸದ ಗುಂಡು ಹಾಕುತ್ತಾರೆ. ಉಳಿದ ಸಂದು ತುಂಬುವುದು, ಗೀರುಗಳನ್ನು ಕಚ್ಚಿ ಹಿಡಿದು ಗುಂಡನ್ನು ತಿರುಗಿಸುವುದು ಬಟ್ಟೆಯೇ. ಇನ್ನು ಕರಿಮದ್ದು ಉರಿದಾಗ ಅದರ ಅರ್ಧಕ್ಕೂ ಹೆಚ್ಚು ಪಾಲು ಹೊಗೆಯ ಕಣವಾಗಿ, ಮಸಿಯಾಗಿ ಉಳಿಯುತ್ತದೆ. ಆ ಮಸಿಯನ್ನು ಮೆತ್ತಗಿಡಬೇಕು, ಗುಂಡು ಸಲೀಸಾಗಿ ಇಳಿಯಬೇಕು, ಬಟ್ಟೆ ಸುಡಬಾರದು. ಜಿಡ್ಡಿನ ಕೆಲಸ ಇಷ್ಟೇ.

ಮೊದಲು ಬಟ್ಟೆ ನೋಡಿಕೊಳ್ಳಿ. ಅಪ್ಪಟ ಹತ್ತಿಯದ್ದೋ ಲಿನನ್ನಿನದೋ ಆಗಿರಲಿ, ನೇಯ್ಗೆ ಬಿಗಿಯಾಗಿರಲಿ. ದಿಂಬು ಹಾಸಿಗೆಗೆ ಬಳಸುವ ಗೀಟುಬಟ್ಟೆ ಹೇಳಿ ಮಾಡಿಸಿದಂತಿರುತ್ತದೆ. ಹೊಸದಾದರೆ ಗಂಜಿ ಹೋಗುವಂತೆ ಒಗೆಯಿರಿ. ಅನುಮಾನವಿದ್ದರೆ ಒಂದು ಎಳೆಗೆ ಬೆಂಕಿ ತಾಗಿಸಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆ ಮಣಿ ನಿಮ್ಮ ನಳಿಗೆಯೊಳಗೆ ಅಂಟುವುದು ಬೇಡ.

ಎಂಜಿನ್ ಆಯಿಲ್, ಚಕ್ರದ ಗ್ರೀಸ್ ಇವನ್ನು ಮುಟ್ಟಬೇಡಿ. ಪೆಟ್ರೋಲಿಯಂ ಜಿಡ್ಡು ಕರಿಮದ್ದಿನ ಜೊತೆ ಸುಟ್ಟು ಡಾಂಬರಿನಂಥ ಅಂಟಾಗಿ ನಳಿಗೆಗೆ ಕಚ್ಚಿಕೊಳ್ಳುತ್ತದೆ. ಉಪ್ಪು ಹಾಕಿದ ಬೆಣ್ಣೆ, ಬೇಕನ್ ಕರಿದ ಕೊಬ್ಬು ಕೂಡ ಬೇಡ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕಬ್ಬಿಣ ಉಪ್ಪು ತಿಂದರೆ ಗಾಳಿಯ ತೇವವನ್ನೆಲ್ಲ ಎಳೆದುಕೊಂಡು ತುಕ್ಕು ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗಿ ಅಂಟಾಗುತ್ತದೆ. ಊರಿನ ಅಭಿಮಾನಕ್ಕೆ ಕೊಬ್ಬರಿ ಎಣ್ಣೆ ಸವರುತ್ತೇನೆ ಅನ್ನುವವರಿಗೆ ಒಂದು ಮಾತು: ಅದು 24 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟುತ್ತದೆ, ಜನವರಿಯ ಹಿಮದಲ್ಲಿ ಕಲ್ಲಾಗುತ್ತದೆ.

ಹಿಂದಿನವರು ಕುರಿಕೊಬ್ಬು, ಕರಡಿ ಕೊಬ್ಬು, ತಿಮಿಂಗಿಲದ ಎಣ್ಣೆ ಬಳಸಿದರು. ನೀವು ಅದನ್ನೆಲ್ಲ ಮುಟ್ಟುವವರಲ್ಲದಿದ್ದರೆ ಚಿಂತೆ ಬೇಡ. 1857ರಲ್ಲಿ ಎನ್‌ಫೀಲ್ಡ್ ರೈಫಲ್‌ನ ತೋಟಾಗಳಿಗೆ ದನ, ಹಂದಿಯ ಕೊಬ್ಬು ಸವರಿದ್ದಾರೆಂದು ಸಿಪಾಯಿಗಳು ಕೆರಳಿದಾಗ, ನಿಮಗೆ ಬೇಕಾದ ಜಿಡ್ಡನ್ನು ನೀವೇ ಸವರಿಕೊಳ್ಳಿ ಎಂದು ಕಂಪನಿ ಸರ್ಕಾರವೇ ಒಪ್ಪಬೇಕಾಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ನಿಮಗಂತೂ ಜೇನುಮೇಣ ಮತ್ತು ಆಲಿವ್ ಎಣ್ಣೆ ಸಾಕು. ತೂಕದಲ್ಲಿ ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ಎಣ್ಣೆ. ಕೊರೆಯುವ ಚಳಿಗೆ ಆರು ಪಾಲು. ಮೇಣ ಕರಗುವುದು ಸುಮಾರು 63 ಡಿಗ್ರಿಗೆ, ಆದ್ದರಿಂದ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ನೇರ ಉರಿಗೆ ಇಡಬೇಡಿ. ಒಲೆ ಹತ್ತಿಸಿರುವ ಕೋಣೆಗೆ ಮದ್ದಿನ ಡಬ್ಬಿ ಸುಳಿಯಲೇಕೂಡದು. ಒಂದು ಹನಿಯನ್ನು ತಣ್ಣನೆಯ ಚಮಚದ ಮೇಲೆ ಬಿಟ್ಟು ಬೆರಳಲ್ಲಿ ಒತ್ತಿ ನೋಡಿ. ತುಟಿಗೆ ಹಚ್ಚುವ ಮುಲಾಮಿನಷ್ಟು ಮೆದುವಾಗಿದ್ದರೆ ಹದ ಬಂತು. ಬಿಲ್ಲೆಗಳನ್ನು ಅದರಲ್ಲಿ ಅದ್ದಿ, ಹೆಚ್ಚಿನದನ್ನು ಹಿಂಡಿ ತೆಗೆಯಿರಿ. ಅತಿಯಾದರೆ ಅಮೃತವೂ ವಿಷ, ಹೆಚ್ಚಾದ ಜಿಡ್ಡು ಮದ್ದಿಗೆ ಇಳಿದು ಅದನ್ನು ಕೆಡಿಸುತ್ತದೆ.

ಗುರಿ ಅಭ್ಯಾಸಕ್ಕಾದರೆ ಇಷ್ಟು ತಾಪತ್ರಯವೂ ಬೇಕಿಲ್ಲ. ತುಂಬಿದ ಕೂಡಲೇ ಹೊಡೆಯುತ್ತೀರಾದ್ದರಿಂದ ಎಂಜಲು ಹಚ್ಚಿದರೂ ನಡೆಯುತ್ತದೆ, ಮಸಿಯನ್ನು ನೀರಿನಷ್ಟು ಚೆನ್ನಾಗಿ ಕರಗಿಸುವುದು ಬೇರೆ ಇಲ್ಲ. ಬೇಟೆಗೆ ಹೋಗುವಾಗ ಮಾತ್ರ ಈ ಸಲಿಗೆ ಬೇಡ. ಗುಂಡು ಗಂಟೆಗಟ್ಟಲೆ ನಳಿಗೆಯಲ್ಲಿ ಕೂತಿರುತ್ತದೆ. ಒದ್ದೆ ಬಿಲ್ಲೆ ಮದ್ದನ್ನು ತೇವ ಮಾಡಿ, ಜಿಂಕೆ ಎದುರು ನಿಂತಾಗ ಕೈಕೊಡುತ್ತದೆ. ಅಲ್ಲಿ ಮೇಣ ಎಣ್ಣೆಯದೇ ಸರಿ.

ಯಾವ ಜಿಡ್ಡು ಉತ್ತಮ ಎಂದು ಹತ್ತು ಜನರನ್ನು ಕೇಳುತ್ತಾ ಅಲೆಯಬೇಡಿ, ನಿಮ್ಮ ಬಿಲ್ಲೆಯನ್ನೇ ಕೇಳಿ. ಗುಂಡು ಹಾರಿಸಿ, ಎಲ್ಲರೂ ಕೋವಿ ಕೆಳಗಿಟ್ಟ ಮೇಲೆ, ಹತ್ತು ಹದಿನೈದು ಹೆಜ್ಜೆ ಮುಂದೆ ಹೋಗಿ ಬಿದ್ದ ಬಿಲ್ಲೆಗಳನ್ನು ಹೆಕ್ಕಿ ತನ್ನಿ. ಒಣಹುಲ್ಲಿನ ಮೇಲೆ ಕಿಡಿ ಕಾಣಿಸಿದರೆ ತುಳಿದು ಆರಿಸಿ. ಬೆಳಕಿಗೆ ಹಿಡಿದು ನೋಡಿ: ನಡುವೆ ಕಪ್ಪು, ಅಂಚಲ್ಲಿ ಸ್ವಲ್ಪ ಎಳೆ ಬಿಟ್ಟಿದ್ದು, ಉಳಿದಂತೆ ಗಟ್ಟಿಯಾಗಿದ್ದರೆ ಎಲ್ಲವೂ ಸರಿ. ಸುಟ್ಟು ತೂತಾಗಿದ್ದರೆ ಜಿಡ್ಡು ಸಾಲದು ಅಥವಾ ಬಟ್ಟೆ ತೆಳು. ಗೀರಿನ ಅಳತೆಗೆ ಸರಿಯಾಗಿ ಚಾಕುವಿನಲ್ಲಿ ಕೊಯ್ದಂತಿದ್ದರೆ ತಪ್ಪು ಜಿಡ್ಡಿನದಲ್ಲ. ನಳಿಗೆಯ ಬಾಯಿ ಅಥವಾ ಒಳಗಿನ ಏಣು ಹರಿತವಾಗಿದೆ, ಬಲ್ಲವರಿಗೆ ತೋರಿಸಿ.

ಎಷ್ಟೇ ಒಳ್ಳೆಯ ಜಿಡ್ಡಿದ್ದರೂ ಹೊಡೆತಗಳ ನಡುವೆ ಒದ್ದೆ ಬಟ್ಟೆಯಿಂದ ನಳಿಗೆ ಒರೆಸುವ ಅಭ್ಯಾಸ ಬಿಡಬೇಡಿ. ಮಸಿ ಕಟ್ಟಿದರೆ ಗುಂಡು ನಡುದಾರಿಯಲ್ಲೇ ನಿಲ್ಲುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದಾಗ ಹೊಡೆದರೆ ನಳಿಗೆ ಸಿಡಿದೀತು. ಗುಂಡು ಸರಿಯಾಗಿ ಕೂತಾಗ ಅದನ್ನು ತಳ್ಳುವ ಗಜ ಎಲ್ಲಿಗೆ ಬರುತ್ತದೆಂದು ಗುರುತು ಹಾಕಿಕೊಂಡು ಪ್ರತಿ ಸಲವೂ ನೋಡಿ. ಮನೆಗೆ ಬಂದವರು ಅಂದೇ, ಎಷ್ಟೇ ದಣಿವಿರಲಿ, ಉಗುರು ಬೆಚ್ಚಗಿನ ಸೋಪುನೀರಿನಲ್ಲಿ ನಳಿಗೆ ತೊಳೆದು ಒಣಗಿಸಿ ಎಣ್ಣೆ ಹಚ್ಚಿಡಿ. ಮುಂದಿನ ಸಲ ಮದ್ದು ಸುರಿಯುವ ಮುನ್ನ ಆ ಎಣ್ಣೆಯನ್ನು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ.